ಮೂಕಚಿತ್ರದಿಂದ ನೀಲಗಿರಿ ಮೊಕದ್ದಮೆಯವರೆಗೆ: ಶಿವರಾಮ ಕಾರಂತರು

ಕಾರಂತರನ್ನು ನಮ್ಮ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕಾದಂಬರಿಕಾರರೆಂದೇ ಬಲ್ಲರು. ಅವರು ಚಲನಚಿತ್ರದ ಕ್ಯಾಮರಾವನ್ನೂ ಹಿಡಿದಿದ್ದರೆಂದು ತರಗತಿಯಲ್ಲಿ ಹೇಳಿದಾಗ ಅಚ್ಚರಿಪಡುವವರೇ ಹೆಚ್ಚು. ಬಾಲ್ಯದಲ್ಲಿ ಮರಾಠಿ ಪಾಠಗಳನ್ನೂ ಓದಿ ಬೆಳೆದ ನನಗೆ ಮೂಕಚಿತ್ರವೆಂದರೆ ಬಹುಕಾಲ ಫಾಳ್ಕೆಯವರೊಬ್ಬರೇ ಆಗಿದ್ದರು. ಕಡಲ ತೀರದ ಈ ಸಾಹಸಿಯ ವಿಷಯ ತಿಳಿದುದು ತಡವಾಗಿ.

1902ರ ಅಕ್ಟೋಬರ್ 10ರಂದು ಉಡುಪಿಯ ಬಳಿಯ ಕೋಟದಲ್ಲಿ ಜನಿಸಿದ ಕಾರಂತರು ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದರು. ಪತ್ರಿಕೆ, ನಾಟಕ, ಯಕ್ಷಗಾನ, ಮಕ್ಕಳ ಶಿಕ್ಷಣ ಎಂದು ಅವರು ಕೈಯಿಡದ ಕ್ಷೇತ್ರವಿಲ್ಲ. 1930ರ ಆಸುಪಾಸಿನಲ್ಲಿ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಚಿತ್ರಗಳನ್ನು ತಯಾರಿಸಿದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದುದೇ 1934ರಲ್ಲಿ. ಆ ಪ್ರಯೋಗ ಅವರಿಗೆ ವೃತ್ತಿಯಾಗಲಿಲ್ಲ. ಆದರೆ ಎಪ್ಪತ್ತು ದಾಟಿದ ಮೇಲೆ ತಮ್ಮ ‘ಕುಡಿಯರ ಕೂಸು’ ಕಾದಂಬರಿಯನ್ನು ‘ಮಲೆಯ ಮಕ್ಕಳು’ ಎಂಬ ಚಿತ್ರವಾಗಿ ತಾವೇ ನಿರ್ದೇಶಿಸಿದರು. ಮಲೆಯೂ ಅಲ್ಲಿನ ಜನರೂ ಅವರ ಕಣ್ಣಿನಿಂದ ಮರೆಯಾಗಿರಲಿಲ್ಲ.

ಇಲ್ಲೊಂದು ತೊಡಕಿದೆ, ವಿದ್ಯಾರ್ಥಿಗಳು ಅದನ್ನು ಗಮನಿಸಬೇಕು. 1943ರ ‘ಬೆಟ್ಟದ ಜೀವ’ದಲ್ಲಿ ಕಾಡನ್ನು ಕಡಿದು ತೋಟವೆಬ್ಬಿಸಿದ ಗೋಪಾಲಯ್ಯನ ಛಲವನ್ನು ಕಾರಂತರು ಮೆಚ್ಚಿಯೇ ಚಿತ್ರಿಸಿದ್ದಾರೆ. ಅದೇ ಲೇಖಕರು ಇಳಿವಯಸ್ಸಿನಲ್ಲಿ ಕಾಡಿನ ಪರವಾಗಿ ನ್ಯಾಯಾಲಯದ ಮೆಟ್ಟಿಲೇರಿದರು. ಇದನ್ನು ಕೆಲವರು ವಿರೋಧಾಭಾಸವೆನ್ನಬಹುದು, ನಾನು ಒಪ್ಪುವುದಿಲ್ಲ. ಗೋಪಾಲಯ್ಯ ತಾನು ಸವರಿದ ನೆಲದಲ್ಲೇ ಬಾಳಿ, ಅದರ ಕಷ್ಟವನ್ನು ತಾನೇ ಉಂಡವನು. ಕಂಪನಿ ಹಾಗಲ್ಲ.

ಆ ಮೊಕದ್ದಮೆಯ ಹಿನ್ನೆಲೆ ಹೀಗಿದೆ. 1984ರಲ್ಲಿ ರಾಜ್ಯ ಸರ್ಕಾರವು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೊಡನೆ ಜಂಟಿ ಕಂಪನಿಯೊಂದನ್ನು ಸ್ಥಾಪಿಸಿ, ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ನೀಲಗಿರಿಯಂಥ ಮರಗಳ ನೆಡುತೋಪಿಗೆ ಕೊಡಲು ಮುಂದಾಯಿತು. ದನ ಮೇಯಿಸುವ, ಸೌದೆ ಆಯುವ ಬಡವರಿಗೆ ಅದೇ ಆಸರೆಯಾಗಿತ್ತು. ಧಾರವಾಡದ ಸಮಾಜ ಪರಿವರ್ತನ ಸಮುದಾಯದೊಡನೆ ಕಾರಂತರು ಸಹ ಅರ್ಜಿದಾರರಾಗಿ 1986ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಮರುವರ್ಷ ತಡೆಯಾಜ್ಞೆ ಬಂದಿತು. ಜನರ ಹೋರಾಟವೂ ಕಾವೇರಿ, ಕೆಲವೇ ವರ್ಷಗಳಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ಅವಲಪಲ್ಲಿಯ ಕಡೆಯಿಂದ ಬರುವ ನಮ್ಮ ವಿದ್ಯಾರ್ಥಿಗಳಿಗೆ ನೀಲಗಿರಿ ತೋಪನ್ನು ನಾನು ವರ್ಣಿಸಿ ಹೇಳಬೇಕಾಗಿಲ್ಲ.

ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಸೋತರು. ಸ್ಥಾವರವೂ ನಿಂತಿತು. ಜ್ಞಾನಪೀಠ ಪ್ರಶಸ್ತಿ ಪಡೆದು ದಶಕ ಕಳೆದಿದ್ದ ಹಿರಿಯರು ಮತ ಕೇಳಲು ಊರೂರು ಸುತ್ತುವ ಅಗತ್ಯವೇನಿತ್ತೆಂದು ಆಗ ಕೇಳಿದವರುಂಟು. ಕಾರಂತರು ತೊಂಬತ್ತು ದಾಟಿದ ಮೇಲೂ ಲೇಖನಿಯನ್ನು ಕೆಳಗಿಡದೆ, ಹಕ್ಕಿಗಳನ್ನು ಕುರಿತು ಪುಸ್ತಕ ಬರೆದರು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ನಿಧನರಾದರು.