ಹೊಗೆಗೂಡು ಎಬ್ಬಿಸಿದ ದಿವಾನರು: ಸರ್ ಮಿರ್ಜಾ ಇಸ್ಮಾಯಿಲ್

ದೊಡ್ಡಬಳ್ಳಾಪುರ ತಾಲೂಕಿನ ತೂಬಗೆರೆ ಹೋಬಳಿ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಘಾಟಿ ಸುಬ್ರಹ್ಮಣ್ಯ, ಹತ್ತಿರದ ನಂದಿಬೆಟ್ಟ. ಆ ಸೀಮೆಯ ಹೊಲದಲ್ಲಿ ಹಿಪ್ಪುನೇರಳೆ, ಪಕ್ಕದ ದೊಡ್ಡಬಳ್ಳಾಪುರ ಪೇಟೆಯಲ್ಲಿ ಹಗಲೂ ರಾತ್ರಿ ವಿದ್ಯುತ್ ಮಗ್ಗದ ಸದ್ದು. ಅಲ್ಲಿಯ ಹುಡುಗರು ಕೆಲಸಕ್ಕೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ನಮ್ಮ ಹುಡುಗರು ಘಟ್ಟ ಹತ್ತುತ್ತಾರೆ, ಇಲ್ಲವೇ ವಿಮಾನ ಹತ್ತುತ್ತಾರೆ. ಊರು ಬೇರೆ, ಚಿಂತೆ ಒಂದೇ: ಕಲಿತ ಕೈಗೆ ಕೆಲಸ ಎಲ್ಲುಂಟು?

ಈ ಪ್ರಶ್ನೆಯನ್ನೇ ಹದಿನೈದು ವರ್ಷ ತಲೆಯಲ್ಲಿ ಹೊತ್ತವರು ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್. ಬೃಂದಾವನ ಉದ್ಯಾನದ ಮಾತು ಬಂದಾಗ ಅವರ ಹೆಸರು ಬರುತ್ತದೆ. ಆದರೆ ಅವರು ಹಚ್ಚಿದ್ದು ಬರೀ ಹೂವಿನ ಗಿಡ ಅಲ್ಲ.

ಅವರ ಅಜ್ಜ ಆಗಾ ಅಲಿ ಅಸ್ಕರ್. ಇರಾನಿನ ಶಿರಾಜ್‌ನಿಂದ ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ, ಇನ್ನೂ ಎಳೆ ಪ್ರಾಯದಲ್ಲೇ, ಕುದುರೆ ಮಾರಲು ಬೆಂಗಳೂರಿಗೆ ಬಂದವರು. ಕುದುರೆ ವ್ಯಾಪಾರದಲ್ಲಿ ಗೆದ್ದು, ಆಮೇಲೆ ಕಟ್ಟಡ ಕಟ್ಟಿಸುವುದಕ್ಕೆ ಇಳಿದು, ದಂಡು ಪ್ರದೇಶದಲ್ಲಿ ಎಷ್ಟೋ ಬಂಗಲೆ ಎಬ್ಬಿಸಿದರು. ಅಲಿ ಅಸ್ಕರ್ ರಸ್ತೆ ಈಗಲೂ ಅವರ ಹೆಸರಲ್ಲಿದೆ. ಬ್ಯಾರ ಅಂದರೆ ವ್ಯಾಪಾರ ಎಂದು ತಿಳಿದ ನಮಗೆ ಈ ಕಥೆ ಹೊಸತೇನಲ್ಲ. ಪರವೂರಲ್ಲಿ ಅಂಗಡಿ ಹಾಕಿ ನಿಂತವರು ನಮ್ಮ ಪ್ರತಿ ಮನೆಯಲ್ಲೂ ಒಬ್ಬರು ಸಿಗುತ್ತಾರೆ.

ಮಿರ್ಜಾ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಬಾಲಕ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆಗೆ ಓದಲು ಆರಿಸಿದ ಹುಡುಗರಲ್ಲಿ ಅವರೂ ಒಬ್ಬರು. ಆ ಗೆಳೆತನ ಕೊನೆ ತನಕ ಉಳಿಯಿತು. 1905ರಲ್ಲಿ ಪದವಿ ಮುಗಿಸಿ ಸರಕಾರಿ ಕೆಲಸಕ್ಕೆ ಸೇರಿದರು. ಮಹಾರಾಜರ ಖಾಸಗಿ ಕಾರ್ಯದರ್ಶಿಯಾದರು. 1926ರಲ್ಲಿ ದಿವಾನರಾದರು.

ಮರುವರ್ಷ, 1927ರಲ್ಲಿ, ಮೈ ಸರಿಯಿಲ್ಲದ ಗಾಂಧೀಜಿ ಸಂಸ್ಥಾನದ ಅತಿಥಿಯಾಗಿ ನಂದಿಬೆಟ್ಟದಲ್ಲಿ ಉಳಿದರು. ನಂಜನಗೂಡು ಬಳಿಯ ಬದನವಾಳಿನಲ್ಲಿ ಖಾದಿ ಕೇಂದ್ರ ಶುರುವಾದದ್ದೂ ಅದೇ ವರ್ಷ. ಒಂದು ಕಡೆ ಚರಕ, ಇನ್ನೊಂದು ಕಡೆ ಕಾರ್ಖಾನೆ. ಮಿರ್ಜಾ ಇವೆರಡನ್ನೂ ಬೇಡ ಅನ್ನಲಿಲ್ಲ. ಹಳ್ಳಿಯ ಕೈಗೆ ಹಳ್ಳಿಯಲ್ಲೇ ಕೆಲಸ, ಓದಿದ ಹುಡುಗನಿಗೆ ಪೇಟೆಯಲ್ಲಿ ಕೆಲಸ, ಎರಡೂ ಬೇಕಿತ್ತು.

ಅಷ್ಟರಲ್ಲಿ 1929ರ ಜಾಗತಿಕ ಮುಗ್ಗಟ್ಟು ಬಂತು. ಬೆಲೆಗಳು ಕುಸಿದವು. ಚೀನಾ, ಜಪಾನಿನ ಅಗ್ಗದ ರೇಷ್ಮೆ ಬಂದು ಬಿದ್ದು, ಮೈಸೂರಿನ ಹುಳ ಸಾಕುವವರು, ನೂಲು ತೆಗೆಯುವವರು ಕಂಗಾಲಾದರು. ಸಂಸ್ಥಾನ ರಕ್ಷಣಾ ಸುಂಕಕ್ಕಾಗಿ ಒತ್ತಾಯ ಮಾಡಿತು. 1934ರಲ್ಲಿ ಭಾರತ ಸರಕಾರ ಸ್ವಲ್ಪ ರಕ್ಷಣೆ ಕೊಟ್ಟಿತು. ಗೂಡಿನ ತ್ಯಾಜ್ಯವೂ ಹಾಳಾಗಬಾರದೆಂದು ಚನ್ನಪಟ್ಟಣದಲ್ಲಿ ಅದರಿಂದಲೇ ನೂಲು ತೆಗೆಯುವ ಗಿರಣಿ ಬಂತು.

ಅವರ ದಾರಿ ಸರಳ. ಖಾಸಗಿಯವರು ಹಣ ಹಾಕಲು ಹೆದರುವಲ್ಲಿ ಸರಕಾರ ಮೊದಲು ಕೈ ಹಾಕುವುದು, ಷೇರು ಕೊಂಡು ಧೈರ್ಯ ತುಂಬುವುದು, ಜನರನ್ನೂ ಪಾಲುದಾರರನ್ನಾಗಿ ಮಾಡುವುದು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹೀಗೆಯೇ ಹುಟ್ಟಿತು. ಕನ್ನಂಬಾಡಿಯ ನೀರು ನಾಲೆಯಲ್ಲಿ ಬಂತು, ಕಬ್ಬು ಬೆಳೆಯಿತು, ಕಬ್ಬು ಬೆಳೆದ ರೈತನ ಕೈಯಲ್ಲೂ ಷೇರು ಇತ್ತು. 1936ರಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆ, ಬೆಂಗಳೂರಿನ ಮೈಸೂರು ಲ್ಯಾಂಪ್ಸ್ ಬಂದವು. ವಿಶ್ವೇಶ್ವರಯ್ಯನವರು ಶುರು ಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಉಕ್ಕಿನ ಘಟಕ ಸೇರಿತು. ಕರೆಂಟು ಕಂಬಕ್ಕೆ ಬೇಕಾದ ಪಿಂಗಾಣಿ ಬಟ್ಟಲು ಹೊರಗಿನಿಂದ ಯಾಕೆ ತರಬೇಕು ಎಂದು ಬೆಂಗಳೂರಿನಲ್ಲೇ ಪಿಂಗಾಣಿ ಕಾರ್ಖಾನೆ ಎದ್ದಿತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆ ಕಟ್ಟಲು ಬಂದಾಗ ಸಂಸ್ಥಾನ ಜಾಗವನ್ನೂ ಕೊಟ್ಟಿತು, 25 ಲಕ್ಷ ರೂಪಾಯಿಯನ್ನೂ ಹಾಕಿತು. ಅದೇ ಇವತ್ತಿನ ಎಚ್‌ಎಎಲ್. ಅಲ್ಲಿ ಕೆಲಸ ಕಲಿತವರ ಮಕ್ಕಳು, ಮೊಮ್ಮಕ್ಕಳು ಬೆಂಗಳೂರು ಪೂರ್ತಿ ಇದ್ದಾರೆ.

ಹೊಗಳುವುದು ಮಾತ್ರ ನಮ್ಮ ಉದ್ದೇಶ ಅಲ್ಲ. ದೊಡ್ಡಬಳ್ಳಾಪುರ ದಾಟಿ ಅದೇ ರೈಲು ಹಾದಿಯಲ್ಲಿ ಮುಂದೆ ಹೋದರೆ ಗೌರಿಬಿದನೂರು, ಅದರಾಚೆ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜೀವಗಳು ಹೋದವು. ಆಗ ದಿವಾನರು ಇವರೇ. ಕಾರ್ಖಾನೆ ಕೊಟ್ಟ ಸರಕಾರವನ್ನು ಜನ ಜವಾಬ್ದಾರಿ ಸರಕಾರವೂ ಕೊಡಿ ಎಂದು ಕೇಳಿದರು. ಅದನ್ನು ಕೊಡಲು ಅವರ ಆಡಳಿತ ತಡಮಾಡಿತು. ಹೊಟ್ಟೆಗೆ ಕೆಲಸ ಕೊಟ್ಟರೆ ಮುಗಿಯಿತು ಎನ್ನುವುದಕ್ಕೆ ಬರುವುದಿಲ್ಲ. ಮನುಷ್ಯನಿಗೆ ಮಾತೂ ಬೇಕು.

1940ರ ಆಗಸ್ಟಿನಲ್ಲಿ ನಾಲ್ವಡಿಯವರು ತೀರಿಕೊಂಡರು. ಮರುವರ್ಷ ಮಿರ್ಜಾ ಹುದ್ದೆ ಬಿಟ್ಟರು. ಆಮೇಲೆ ಜೈಪುರದಲ್ಲಿ ದಿವಾನರಾಗಿ ಪೇಟೆಗೆ ಹೊಸ ಕಳೆ ತಂದರು, ಅಲ್ಲಿಯ ಎಂ.ಐ. ರಸ್ತೆ ಅವರ ಹೆಸರಿನದ್ದು. 1946ರಲ್ಲಿ ಹೈದರಾಬಾದಿಗೆ ಹೋದರು. ಭಾರತದೊಂದಿಗೆ ಹೊಂದಿಕೊಂಡು ಹೋಗುವುದೇ ಒಳ್ಳೆಯದೆಂಬ ಅವರ ನಿಲುವು ಅಲ್ಲಿಯ ಹಲವರಿಗೆ ಹಿಡಿಸಲಿಲ್ಲ, 1947ರಲ್ಲಿ ಹೊರಬಂದರು. 1950ರ ಸುಮಾರಿಗೆ ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ಪ್ರತಿನಿಧಿಯಾಗಿ ಇಂಡೋನೇಷ್ಯಾಕ್ಕೆ ಹೋದರು. ಆಗಷ್ಟೇ ಸ್ವತಂತ್ರವಾದ ಬಡ ದೇಶಕ್ಕೆ ಮೈಸೂರಿನ ಅನುಭವವಿದ್ದ ಮನುಷ್ಯ ಬೇಕಾದರು. 1959ರ ಜನವರಿ 5ರಂದು ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು.

ಅವರ ಕಾಲದ ಕಾರ್ಖಾನೆಗಳೆಲ್ಲ ಉಳಿಯಲಿಲ್ಲ. ಭದ್ರಾವತಿಯ ಕಾಗದದ ಯಂತ್ರ ನಿಂತು ವರ್ಷಗಳಾದವು. ಕಟ್ಟುವುದಕ್ಕೆ ಬೇಕಾದಷ್ಟೇ ಕಾಳಜಿ ನಡೆಸುವುದಕ್ಕೂ ಬೇಕು ಎನ್ನುವುದಕ್ಕೆ ಅದೇ ಸಾಕ್ಷಿ. ಆದರೂ ಅವರ ಲೆಕ್ಕಾಚಾರ ಹಳತಾಗಿಲ್ಲ: ಹುಡುಗನಿಗೆ ಬುದ್ಧಿ ಹೇಳುವ ಮೊದಲು ಬಂಡವಾಳದಲ್ಲಿ ಪಾಲು ಹಾಕಬೇಕು, ನಷ್ಟದ ಹೆದರಿಕೆಯನ್ನು ಹಿರಿಯರು ಸ್ವಲ್ಪ ಹಂಚಿಕೊಳ್ಳಬೇಕು. ಒಬ್ಬನೇ ಹೊತ್ತರೆ ಹೊರೆ. ಹತ್ತು ಮಂದಿ ಷೇರು ಹಾಕಿದರೆ ಅದೇ ಕಾರ್ಖಾನೆ. ಮನೆಯ ಹುಡುಗ ವೀಸಾಕ್ಕೆ ದುಡ್ಡು ಕೇಳಿದಾಗ ಸಾಲ ಎತ್ತಿಯಾದರೂ ಕೊಡುವ ನಾವು, ಊರಲ್ಲೇ ಒಂದು ಕೆಲಸ ಶುರು ಮಾಡುತ್ತೇನೆ ಎಂದು ಅವನು ಕೇಳಿದಾಗ ಎಷ್ಟು ಕೊಡುತ್ತೇವೆ? ಇದನ್ನು ಈ ವಾರ ಮನೆಯಲ್ಲಿ ಕೂತು ಮಾತಾಡಬಹುದು.