ಪ್ಲೇಗ್ ಕಾಲದಲ್ಲಿ ಹುಬ್ಬಳ್ಳಿ ಪ್ಯಾಟಿ ಉಳಿಸಿದ ಸೂಜಿಮದ್ದು: ಡಾಕ್ಟರ್ ಅಲ್ಲದ ಹಾಫ್‌ಕಿನ್ ಕತೆ

ಹಳಿಯಾಳ: 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ಅಂಗಡಿಕಾರರು ಅರ್ಧ ಶಟರ್ ಎಳೆದು ಕೂತಿದ್ದು ಯಾರೂ ಮರೆತಿಲ್ಲ. ಸಂತೆ ಬಂದ್, ಬಸ್ ಬಂದ್, ಹುಬ್ಬಳ್ಳಿಯಿಂದ ಮಾಲು ಬರೋದು ಬಂದ್. ಆಗ ಸರ್ಕಾರ ಕೈಗೆತ್ತಿಕೊಂಡ ಕಾನೂನು ಹೊಸದಲ್ಲ. ಅದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ, ಪ್ಲೇಗ್ ಕಾಲದ್ದು. ಆ ಕಾಲದಲ್ಲೇ, ಊರು ಖಾಲಿ ಮಾಡಿಸದೆ, ಅಂಗಡಿಗೆ ಬೀಗ ಹಾಕಿಸದೆ ಜನರನ್ನು ಉಳಿಸೋ ದಾರಿಯೊಂದನ್ನು ಹುಡುಕಿದವರು ವಾಲ್ಡೆಮಾರ್ ಹಾಫ್‌ಕಿನ್.

ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾದಲ್ಲಿ. ಯಹೂದಿ ಮನೆತನ. ಓದಿದ್ದು ಪ್ರಾಣಿಶಾಸ್ತ್ರ, ವೈದ್ಯಶಾಸ್ತ್ರ ಅಲ್ಲ. ಧರ್ಮ ಬದಲಿಸಿದರೆ ಅಲ್ಲೇ ಒಳ್ಳೆ ನೌಕರಿ ಸಿಗುತ್ತಿತ್ತು, ಇವರು ಒಪ್ಪಲಿಲ್ಲ. ಜಿನೀವಾಕ್ಕೆ ಹೋಗಿ, ಅಲ್ಲಿಂದ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸೇರಿದರು. ಮೊದಲು ಸಿಕ್ಕಿದ್ದು ಗ್ರಂಥಾಲಯದ ಸಣ್ಣ ಕೆಲಸ. ಬಿಡುವಿನಲ್ಲಿ ಕಾಲರಾ ಲಸಿಕೆ ತಯಾರಿಸಿ, 1892ರ ಜುಲೈ 18ರಂದು ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದು ಕಲ್ಕತ್ತಾದ ಕೊಳಗೇರಿಗಳಲ್ಲಿ ಕಾಲರಾ ಮದ್ದು ಚುಚ್ಚುತ್ತಾ ಓಡಾಡಿದರು.

1896ರಲ್ಲಿ ಮುಂಬೈಗೆ ಪ್ಲೇಗ್ ಬಿತ್ತು. ಸರ್ಕಾರ ಇವರನ್ನು ಕರೆಸಿ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರನ್ನು ಕೊಟ್ಟಿತು. ಅಷ್ಟೇ. ಸಾರಿನಲ್ಲಿ ಪ್ಲೇಗ್ ರೋಗಾಣು ಬೆಳೆಸಬೇಕು. ಅವು ಜೋತು ಬೀಳಲಿ ಅಂತ ಮೇಲೆ ತೇಲಿಬಿಟ್ಟಿದ್ದು ಅಡುಗೆಮನೆಯ ತುಪ್ಪದ ಹನಿ! ಆಮೇಲೆ ಬಿಸಿ ಮಾಡಿ ರೋಗಾಣು ಕೊಂದರೆ ಮದ್ದು ತಯಾರು. ಮೂರೇ ತಿಂಗಳಲ್ಲಿ ಕೆಲಸ ಮುಗಿಯಿತು. 1897ರ ಜನವರಿ 10ರಂದು ಮತ್ತೆ ಮೊದಲ ಸೂಜಿ ತಮ್ಮ ಮೈಗೇ. ಜ್ವರ ಬಂತು, ಇಳಿಯಿತು. ಬೈಕುಲ್ಲಾ ಜೈಲಿನ ಕೈದಿಗಳಲ್ಲಿ ಒಪ್ಪಿದವರಿಗೆ ಕೊಟ್ಟು ನೋಡಿದರು. ಜನ ಹೆದರುತ್ತಿದ್ದಾಗ ಖೋಜಾ ಸಮಾಜದ ಗುರು ಆಗಾ ಖಾನ್ ಎಲ್ಲರ ಎದುರೇ ಮದ್ದು ಹಾಕಿಸಿಕೊಂಡು ಧೈರ್ಯ ತುಂಬಿದರು.

ಜನರಿಗೆ ರೋಗದಷ್ಟೇ ಸರ್ಕಾರದ ಭಯವೂ ಇತ್ತು. ಮನೆ ಜಪ್ತಿ, ರೈಲು ನಿಲ್ದಾಣದಲ್ಲಿ ತಪಾಸಣೆ, ರೋಗಿಯ ಮನೆಯವರನ್ನೆಲ್ಲ ಕ್ಯಾಂಪಿಗೆ ಸಾಗಿಸೋದು, ಹಾಸಿಗೆ ಅರಿವೆ ಸುಡೋದು. ಈ ಜುಲುಮೆಗೆ ಸಿಟ್ಟೆದ್ದೇ ಪುಣೆಯಲ್ಲಿ ಚಾಪೇಕರ್ ಸಹೋದರರು 1897ರ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡು ಹಾರಿಸಿದ್ದು. ದುಡಿದು ತಿನ್ನುವವನಿಗೆ ಕ್ಯಾಂಪ್ ಅಂದರೆ ಕೂಲಿ ಹೋಯಿತು, ಅಂಗಡಿಯೂ ಹೋಯಿತು ಅಂತಲೇ ಲೆಕ್ಕ.

1898ರಲ್ಲಿ ಪ್ಲೇಗ್ ಹುಬ್ಬಳ್ಳಿಗೆ ಬಂತು. ಆಗ ಉತ್ತರ ಕನ್ನಡ, ಧಾರವಾಡ ಎರಡೂ ಮುಂಬೈ ಇಲಾಖೆಯಲ್ಲೇ ಇದ್ದವು. ಕ್ಯಾಸಲ್‌ರಾಕ್‌ನಿಂದ ಲೋಂಡಾ, ಅಳ್ನಾವರ, ಧಾರವಾಡದ ಮೇಲೆ ಹುಬ್ಬಳ್ಳಿಗೆ ರೈಲು ಓಡುತ್ತಿತ್ತು. ಘಟ್ಟದ ಮೇಲಿನ ಈ ಭಾಗಕ್ಕೆಲ್ಲ ಹುಬ್ಬಳ್ಳಿಯೇ ದೊಡ್ಡ ಪ್ಯಾಟಿ. ಹತ್ತಿ ವ್ಯಾಪಾರ, ನೂಲಿನ ಗಿರಣಿ, ರೈಲ್ವೆ ಕಾರ್ಖಾನೆ ಎಲ್ಲಾ ಅಲ್ಲಿ. ಸುಮಾರು 50,000 ಜನರ ಊರು. ಅದು ಬಿಕೋ ಅಂದರೆ ಸುತ್ತಲಿನ ತಾಲೂಕುಗಳ ಒಲೆಯೂ ಉರಿಯೋದು ಕಷ್ಟ.

ಲ್ಯೂಮನ್ ಎಂಬ ಸೇನಾ ವೈದ್ಯ ಅಲ್ಲಿ ಹಾಫ್‌ಕಿನ್ ಮದ್ದು ಹಾಕಿಸುವ ಜವಾಬ್ದಾರಿ ಹೊತ್ತರು. ಬೇಸಿಗೆಯಲ್ಲಿ ಶುರುವಾದ ಕೆಲಸ, ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಊರಲ್ಲಿ ಉಳಿದವರ ಪೈಕಿ ಬಹುಪಾಲು ಜನಕ್ಕೆ ಮುಟ್ಟಿತ್ತು. ಅನೇಕರಿಗೆ ಎರಡೆರಡು ಸಲ. ಸೂಜಿ ಚುಚ್ಚಿಸಿಕೊಂಡವರಿಗೂ ಬಿಟ್ಟವರಿಗೂ ನಡುವೆ ಸಾವಿನ ಅಂತರ ಎಷ್ಟಿತ್ತೆಂದರೆ, ಹುಬ್ಬಳ್ಳಿಯ ಲೆಕ್ಕವನ್ನೇ ಮುಂದೆ ಹಾಫ್‌ಕಿನ್ ತಮ್ಮ ಮದ್ದಿನ ಪರವಾಗಿ ಮುಂದಿಟ್ಟರು. ಇನ್ನೊಂದು ಲಾಭ ವ್ಯಾಪಾರಸ್ಥರಿಗೆ ಬೇಗ ತಿಳಿಯಿತು. ಮದ್ದು ಹಾಕಿಸಿಕೊಂಡ ಚೀಟಿ ಇದ್ದವರಿಗೆ ಕ್ಯಾಂಪ್ ವಾಸ, ಪ್ರಯಾಣದ ತಡೆ ಇವುಗಳಿಂದ ವಿನಾಯ್ತಿ ಸಿಗುತ್ತಿತ್ತು. 2021ರಲ್ಲಿ ಮೊಬೈಲಿನಲ್ಲಿ ಲಸಿಕೆ ಸರ್ಟಿಫಿಕೇಟ್ ತೋರಿಸಿ ಓಡಾಡಿದವರಿಗೆ ಈ ಚೀಟಿಯ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಪ್ಲೇಗ್ ಹೋಗಲಿಲ್ಲ. ಇಲಿ ಬಿತ್ತು ಅಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕೋದು ಎಷ್ಟೋ ವರ್ಷ ನಡೆದೇ ಇತ್ತು. ಮದ್ದು ಹಾಕಿಸಿಕೊಂಡರೂ ಕೆಲವರಿಗೆ ರೋಗ ತಗುಲುತ್ತಿತ್ತು. ಮುಗಿಯದ ಜ್ವರ, ಮೈಕೈ ನೋವು ಅಂತ ದೂರುಗಳೂ ಇದ್ದವು.

ಹಾಫ್‌ಕಿನ್‌ಗೆ ನಿಜವಾದ ಪೆಟ್ಟು ಬಿದ್ದಿದ್ದು 1902ರ ಅಕ್ಟೋಬರ್‌ನಲ್ಲಿ. ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನಕ್ಕೆ ಮದ್ದು ಹಾಕಲಾಯಿತು. ಒಂದೇ ಬಾಟಲಿಯಿಂದ ಹಾಕಿಸಿಕೊಂಡ 19 ಮಂದಿ ಧನುರ್ವಾತದಿಂದ ಸತ್ತರು. ತಪ್ಪೆಲ್ಲಾ ಮುಂಬೈ ಪ್ರಯೋಗಾಲಯದ್ದು ಅಂತ ಇವರನ್ನು ಕೆಲಸದಿಂದ ದೂರ ಇಟ್ಟರು. ಬಾಟಲಿ ತೆರೆಯುವಾಗ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡದೆ ಬಳಸಿದ್ದರು ಎಂಬ ಸಂಗತಿ ವಿಚಾರಣೆಯ ಕಾಗದಪತ್ರದಲ್ಲೇ ಇತ್ತು. ಆದರೂ ಹೆಸರು ತೊಳೆದುಕೊಳ್ಳಲು ಐದು ವರ್ಷ ಹಿಡಿಯಿತು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಅಂತ ತೋರಿಸಿದ ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಹಿರಂಗವಾಗಿ ಇವರ ಪರ ನಿಂತ ಮೇಲೆಯೇ ಸರ್ಕಾರ ಮಣಿದದ್ದು.

ಮತ್ತೆ ಭಾರತಕ್ಕೆ ಬಂದರು, ಆದರೆ ಕಲ್ಕತ್ತಾಕ್ಕೆ. ತಾವೇ ಕಟ್ಟಿದ ಮುಂಬೈ ಪ್ರಯೋಗಾಲಯ ಕೈಗೆ ಸಿಗಲಿಲ್ಲ. ನಿವೃತ್ತಿಯಾಗಿ ಯುರೋಪಿಗೆ ಮರಳಿದರು. ಮದುವೆ ಆಗಿರಲಿಲ್ಲ. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡಾಗ ವಯಸ್ಸು 70. ಪರೇಲಿನ ಆ ಪ್ರಯೋಗಾಲಯಕ್ಕೆ 1925ರಲ್ಲೇ ಹಾಫ್‌ಕಿನ್ ಸಂಸ್ಥೆ ಅಂತ ಹೆಸರಿಟ್ಟಿದ್ದರು. ಅಂಗನವಾಡಿಗಳಲ್ಲಿ ಮಕ್ಕಳ ಬಾಯಿಗೆ ಎರಡು ಹನಿ ಹಾಕುವ ಪಲ್ಸ್ ಪೋಲಿಯೋ ಅಭಿಯಾನಕ್ಕೆ ಮದ್ದು ತಯಾರಿಸಿಕೊಟ್ಟ ಕಂಪನಿಗಳಲ್ಲಿ ಅದೇ ಹೆಸರಿನ, ಅದೇ ಮನೆಯಿಂದ ಕವಲೊಡೆದ ಕಂಪನಿಯೂ ಒಂದು.