ಬರಿಗಾಲಿನ ಗುರು: ಗೋವೆಯಿಂದ ಕನ್ನಡ ಕರಾವಳಿಗೆ ಬಂದ ಜೋಸೆಫ್ ವಾಜ್

ಮಂಜೇಶ್ವರದ ಗಡಿಯಾಚೆ, ನಮ್ಮ ಊರುಗಳಿಗೆ ಹೆಚ್ಚು ದೂರವಲ್ಲದ ಮುಡಿಪು ಗುಡ್ಡದ ಮೇಲೆ ಸಂತ ಜೋಸೆಫ್ ವಾಜರ ಪುಣ್ಯಕ್ಷೇತ್ರವಿದೆ. ಅವರು ಮೊಣಕಾಲೂರಿ ಪ್ರಾರ್ಥಿಸಿದ ಬಂಡೆಯಲ್ಲಿ ನೀರು ಚಿಮ್ಮಿತೆಂಬುದು ಅಲ್ಲಿನ ಜನರ ನಂಬಿಕೆ. ನಮ್ಮ ಶಾಲೆಗಳ ಮಕ್ಕಳಲ್ಲಿ ಅನೇಕರು ಆ ಗುಡ್ಡವನ್ನು ಹತ್ತಿದವರೇ. ಆದರೆ ಆ ಗುರು ಎಲ್ಲಿಂದ ಬಂದರು, ಗುರುವಾಗುವ ಮುನ್ನ ಏನನ್ನು ಕಲಿತರು, ಮೊದಲ ಹೊಣೆಯನ್ನು ಹೇಗೆ ಹೊತ್ತರು ಎಂಬುದನ್ನು ಬಲ್ಲವರು ಕಡಿಮೆ. ಅದನ್ನು ತಿಳಿಯಲು ನಾವು ಗೋವೆಗೆ ಹೋಗಬೇಕು.

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ದಕ್ಷಿಣ ಗೋವೆಯ ಬಾಣಾವಳಿಯಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. ತಂದೆ ಕ್ರಿಸ್ತೊವಾವ್ ವಾಜ್ ಜುವಾರಿ ನದಿಯ ದಕ್ಷಿಣ ದಡದ ಸಾಂಕ್ವಾಳದವರು. ಮನೆಮಾತು ಕೊಂಕಣಿ. ಬಾಲಕನು ಸಾಂಕ್ವಾಳದಲ್ಲಿ ಪೋರ್ಚುಗೀಸನ್ನೂ ಬಾಣಾವಳಿಯಲ್ಲಿ ಲ್ಯಾಟಿನನ್ನೂ ಅಭ್ಯಾಸ ಮಾಡಿದನು. ಮುಂದೆ ರಾಜಧಾನಿಯಲ್ಲಿ, ಇಂದಿನ ಹಳೆಯ ಗೋವೆಯಲ್ಲಿ, ಜೆಸುಯಿಟರ ಕಾಲೇಜಿನಲ್ಲಿ ಸಾಹಿತ್ಯವನ್ನೂ, ಡೊಮಿನಿಕನ್ನರ ಸಂತ ಥಾಮಸ್ ಅಕ್ವಿನಾಸ್ ವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಹಾಗೂ ದೈವಶಾಸ್ತ್ರವನ್ನೂ ಓದಿದನು. ಪಾಠವೆಲ್ಲವೂ ಪರಭಾಷೆಯಲ್ಲಿ, ಮುಂದೆ ಪಾಪನಿವೇದನೆಗೆ ಬರುವ ರೈತನ, ಮೀನುಗಾರನ ಮಾತು ಮಾತ್ರ ಕೊಂಕಣಿ. ಈ ಎರಡರ ನಡುವಿನ ದೂರವನ್ನು ಕ್ರಮಿಸುವುದೇ ಅಂದಿನ ಗೋವೆಯ ಗುರು ಅಭ್ಯರ್ಥಿಯ ನಿತ್ಯದ ಅಭ್ಯಾಸವಾಗಿತ್ತು.

1675ರಲ್ಲಿ ಡೀಕನ್ ಪದವಿ, 1676ರಲ್ಲಿ ಗುರುದೀಕ್ಷೆ. ಆಗ ವಾಜರಿಗೆ ಇಪ್ಪತ್ತೈದು ವರ್ಷ. ದೀಕ್ಷೆ ದೊರೆತೊಡನೆ ಧರ್ಮಕೇಂದ್ರವೊಂದರ ಅಧಿಕಾರ ಕೈಗೆ ಬರುವ ಕಾಲವಲ್ಲ ಅದು. ಸಾಲ್ಸೆಟ್ಟಿನ ಇಗರ್ಜಿಗಳು ಜೆಸುಯಿಟರ ಕೈಯಲ್ಲಿದ್ದವು, ಬಾರ್ದೇಸಿನವು ಫ್ರಾನ್ಸಿಸ್ಕನ್ನರ ಕೈಯಲ್ಲಿದ್ದವು. ನಾಡಿನ ಗುರುಗಳಿಗೆ ಬಹುಮಟ್ಟಿಗೆ ಸಹಾಯಕರ ಸ್ಥಾನವೇ ಗತಿ. ಯೂರೋಪಿನ ಮಠಗಳು ಅವರನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತಿರಲಿಲ್ಲ.

ವಾಜರು ಪದವಿಗಾಗಿ ಕಾದು ಕೂರಲಿಲ್ಲ. ಬಡವರಂತೆ ಬದುಕಬೇಕೆಂದು ಪಾದರಕ್ಷೆಯನ್ನು ತೊರೆದು ಬರಿಗಾಲಿನಲ್ಲಿ ನಡೆಯತೊಡಗಿದರು. ಸಾಂಕ್ವಾಳದಲ್ಲಿ ಗುರುಗಳಾಗಬಯಸುವ ಹುಡುಗರಿಗಾಗಿ ಲ್ಯಾಟಿನ್ ಶಾಲೆಯೊಂದನ್ನು ತೆರೆದರು. ಪ್ರವಚನ, ಪಾಪನಿವೇದನೆಗಳಲ್ಲಿ ಅವರ ಹೆಸರು ಬಹುಬೇಗ ಹರಡಿತು. ತಾನು ಕಷ್ಟಪಟ್ಟು ಏರಿದ ಮೆಟ್ಟಿಲನ್ನು ಹಿಂದೆ ಬರುವವರಿಗೆ ಸುಲಭಗೊಳಿಸುವುದು ಆ ಯುವ ಗುರು ಸ್ವತಃ ವಹಿಸಿಕೊಂಡ ಮೊದಲ ಹೊಣೆಯೆಂದು ನಾವು ಭಾವಿಸುತ್ತೇವೆ.

ಅವರ ಮನಸ್ಸು ಸಿಂಹಳ ದ್ವೀಪದತ್ತ ಸೆಳೆಯುತ್ತಿತ್ತು. 1658ರಲ್ಲಿ ಜಾಫ್ನಾವನ್ನು ಗೆದ್ದ ಡಚ್ಚರು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಅಲ್ಲಿನ ಭಕ್ತರು ಗುರುವಿಲ್ಲದವರಾಗಿದ್ದರು. ವಾಜರು ಅಲ್ಲಿಗೆ ಹೋಗಲು ಅನುಮತಿ ಕೇಳಿದರು. ಮೇಲಿನವರು 1681ರಲ್ಲಿ ಅವರನ್ನು ಕಳುಹಿಸಿದ್ದು ಕೆನರಾಕ್ಕೆ, ಅಂದರೆ ನಮ್ಮ ಕನ್ನಡ ಕರಾವಳಿಗೆ.

ಆಗ ಈ ಕರಾವಳಿಯನ್ನು ಆಳುತ್ತಿದ್ದವರು ಕೆಳದಿಯ ರಾಣಿ ಚೆನ್ನಮ್ಮಾಜಿ. 1678ರ ಒಪ್ಪಂದದಲ್ಲಿ ಅವರು ಪೋರ್ಚುಗೀಸರಿಗೆ ಕೆಲವೆಡೆ ಇಗರ್ಜಿ ಕಟ್ಟಲು ಅವಕಾಶ ನೀಡಿದ್ದರು. ಯುದ್ಧ, ಬರಗಾಲ ಹಾಗೂ ಇಂಕ್ವಿಸಿಷನ್ನಿನ ಭಯಗಳಿಂದ ಗೋವೆಯನ್ನು ಬಿಟ್ಟು ಬಂದ ಅನೇಕ ಕೊಂಕಣಿ ಕುಟುಂಬಗಳು ಇಲ್ಲಿ ನೆಲೆಸಿದ್ದವು. ಕನ್ನಡ, ತುಳು ನುಡಿಯುವ ನಾಡಿನಲ್ಲಿ ಅವರು ಭಾಷಾ ಅಲ್ಪಸಂಖ್ಯಾತರು. ಆ ಪದ ಅಂದು ಇರಲಿಲ್ಲ. ಆ ಪಾಡು ಇತ್ತು. ಅವರ ಬಳಿಗೆ ಅವರದೇ ಮನೆಮಾತಿನ ಗುರುವೊಬ್ಬರು ಬರಿಗಾಲಿನಲ್ಲಿ ನಡೆದು ಬಂದರು.

ಹೊಣೆ ಹಗುರವಾಗಿರಲಿಲ್ಲ. ಗೋವೆಯ ಪೋರ್ಚುಗೀಸ್ ಅಧಿಕಾರಕ್ಕೂ ರೋಮಿನಿಂದ ನೇಮಕಗೊಂಡ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ ಅವರಿಗೂ ನಡುವೆ ತೀವ್ರ ವಿವಾದವಿತ್ತು. ಯಾರ ಮಾತು ಕೇಳಬೇಕೆಂದು ತಿಳಿಯದೆ ಭಕ್ತರು ಇಬ್ಭಾಗವಾಗಿದ್ದರು. ಗೋವೆಯ ಪ್ರತಿನಿಧಿಯಾಗಿ ಬಂದಿದ್ದ ವಾಜರು ಬಿಷಪರನ್ನು ಗೌರವದಿಂದ ಕಂಡು, ಜನರ ಗೊಂದಲವನ್ನು ತಗ್ಗಿಸಲು ಶ್ರಮಿಸಿದರು. ಮಂಗಳೂರಿನ ರೊಸಾರಿಯೊ ಇಗರ್ಜಿಯಿಂದ ಆರಂಭಿಸಿ ಕುಂದಾಪುರ, ಗಂಗೊಳ್ಳಿಗಳವರೆಗೆ ಸಂಚರಿಸಿದರು. ಗಂಗೊಳ್ಳಿಯಲ್ಲಿ ಧರ್ಮಗುರುವಾಗಿದ್ದರು, ಊರವರ ನೆರವಿನಿಂದ ಸಣ್ಣ ಸಣ್ಣ ಶಾಲೆಗಳನ್ನು ತೆರೆದರು. ಸಾಂಕ್ವಾಳದಲ್ಲಿ ಹಚ್ಚಿದ ದೀಪವೇ ಇಲ್ಲಿಯೂ ಬೆಳಗಿತು.

1684ರಲ್ಲಿ ವಾಜರು ಗೋವೆಗೆ ಮರಳಿದರು. ಅದೇ ವರ್ಷದ ಜೂನ್ 27ರಂದು ಪೋರ್ಚುಗೀಸ್ ವೈಸರಾಯ್ ಒಂದು ಆಜ್ಞೆ ಹೊರಡಿಸಿದ್ದನು: ನಾಡಿನ ಜನರು ಮೂರು ವರ್ಷಗಳೊಳಗೆ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕು. ಆಳುವವರು ಜನರ ನಾಲಿಗೆಯನ್ನು ಬದಲಿಸಹೊರಟ ಆ ದಿನಗಳಲ್ಲಿ, ನಾಡಿನ ಗುರುಗಳೇ ಸೇರಿ ಹಳೆಯ ಗೋವೆಯಲ್ಲಿ ತಮ್ಮದೊಂದು ಸಮುದಾಯ ಕಟ್ಟಿಕೊಂಡಿದ್ದರು. 1685ರ ಸೆಪ್ಟೆಂಬರಿನಲ್ಲಿ ವಾಜರು ಅದನ್ನು ಸೇರಿ ಅದರ ಮುಖ್ಯಸ್ಥರಾದರು. ಓರೆಟರಿ ಎಂಬ ಆ ಸಂಸ್ಥೆ ಮುಂದೆ ಸಿಂಹಳಕ್ಕೆ ಗುರುಗಳನ್ನು ಕಳುಹಿಸುತ್ತಲೇ ಹೋಯಿತು.

ಕೊನೆಗೆ 1687ರಲ್ಲಿ ವಾಜರು ಭಿಕ್ಷುಕನ ವೇಷದಲ್ಲಿ ಜಾಫ್ನಾ ಸೇರಿದರು. ತಮ್ಮವರನ್ನು ಅವರ ಮಾತಿನಲ್ಲಿ ಸಂತೈಸಿದ್ದ ಗುರು ಈಗ ಪರರ ಮಾತನ್ನು ಕಲಿಯಬೇಕಾಯಿತು. ತಮಿಳನ್ನೂ ಸಿಂಹಳವನ್ನೂ ಕಲಿತರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಸಂಶಯದಿಂದ ಬಂಧಿತರಾದರು. ಅದೇ ಕ್ಯಾಂಡಿಯಲ್ಲಿ 1697ರಲ್ಲಿ ಸಿಡುಬು ಹಬ್ಬಿ, ಮನೆಯವರೇ ರೋಗಿಗಳನ್ನು ತೊರೆದಾಗ, ಜಾತಿ ಮತ ನೋಡದೆ ಅವರ ಶುಶ್ರೂಷೆ ಮಾಡಿದರು. 1711ರ ಜನವರಿ 16ರಂದು ಅಲ್ಲಿಯೇ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ಗಡಿನಾಡಿನ ಕನ್ನಡಿಗರಾದ ನಮಗೆ ಈ ಬದುಕಿನಲ್ಲಿ ಮನನಕ್ಕೆ ಯೋಗ್ಯವಾದುದು ಮತವನ್ನು ಮೀರಿದೆ. ತರಗತಿಯಲ್ಲಿ ಮಕ್ಕಳ ಮಾತು ತಿಳಿಯುವ ಅಧ್ಯಾಪಕರಿಲ್ಲದಿದ್ದರೆ ಕಲಿಕೆ ಏನಾಗುವುದೆಂದು ನಮ್ಮ ಮನೆಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚದುರಿದ ಅಲ್ಪಸಂಖ್ಯಾತರಿಗೆ ಅವರ ಮಾತು ಬಲ್ಲವರೊಬ್ಬರು ದೊರೆತರೆ ಎಷ್ಟು ಬಲವೆಂಬುದನ್ನು ಮುನ್ನೂರು ವರ್ಷಗಳ ಹಿಂದೆಯೇ ಈ ಕರಾವಳಿ ಕಂಡಿದೆ. ಆ ಗುರು ತನ್ನ ಮಾತನ್ನು ಬಿಡಲಿಲ್ಲ, ಪರರ ಮಾತನ್ನು ಕಲಿಯಲು ಹಿಂಜರಿಯಲೂ ಇಲ್ಲ. ಮುಂದಿನ ಸಲ ಮಕ್ಕಳನ್ನು ಮುಡಿಪು ಗುಡ್ಡಕ್ಕೆ ಕರೆದೊಯ್ದಾಗ, ನೀರಿನ ಕಥೆಯೊಡನೆ ಸಾಂಕ್ವಾಳದ ಆ ಶಾಲೆಯ ಕಥೆಯನ್ನೂ ಹೇಳೋಣ.